ವಾರಂಟಿಯೂ ಇದ್ದು, ಹುಲ್ಲೂ ಇದ್ದು

ನಮ್ಮನೆಯ ಕಳೆ ಕೊಚ್ಚುವ ಮಷಿನ್ನಿನ ಹೊಟ್ಟೆಗೆ ಹಿಡಿಯುವ ಆಯಿಲು ಬರೀ 100 ಮಿಲಿ. ಸತ್ಯನಾರಾಯಣ ಕಥೆಗೆ ಬಂದವರಿಗೆ ಕೊಡುವ ತೀರ್ಥವೂ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಈ ನೂರು ಮಿಲಿಯ ಸಲುವಾಗಿ ನಾನು ಅಮೆರಿಕದ ಒಂದು ಕಾಯ್ದೆ ಓದಿದೆ, ದಿಲ್ಲಿಯ ಒಂದು ತೀರ್ಪು ಓದಿದೆ, ಅಪ್ಪಯ್ಯನ ಹತ್ತಿರ ಮಾತು ಬಿಟ್ಟೆ, ಹುಬ್ಬಳ್ಳಿ ಬಸ್ಸಿನಲ್ಲಿ ಒಬ್ಬ ಅಪರಿಚಿತರ ಟೋಪಿ ಬೀಳಿಸಿದೆ. ಇಷ್ಟೆಲ್ಲ ಆಗುವಾಗ ತೋಟದ ಹುಲ್ಲು ತನ್ನ ಕೆಲಸ ತಾನು ಮಾಡುತ್ತಿತ್ತು.

ಇಡಗುಂದಿ ನೋಡದವರಿಗೆ ಹುಲ್ಲಿನ ವಿಷಯ ತಿಳಿಯಲಿಕ್ಕಿಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಅರಬೈಲ ಘಟ್ಟ ಇಳಿಯುವ ಮೊದಲು ಸಿಗುವ ಊರು ನಮ್ಮದು. ಲಾರಿ ಡ್ರೈವರುಗಳು ಇಲ್ಲಿ ಚಹಾ ಕುಡಿದು, ಬ್ರೇಕು ನೋಡಿಕೊಂಡು, ದೇವರ ಹೆಸರು ಹೇಳಿ ಇಳಿಯುತ್ತಾರೆ. ಕೆಳಗಿನಿಂದ ಬರುವ ಮೋಡಗಳಿಗೆ ಇಳಿಯುವ ಕೆಲಸವಿಲ್ಲ. ಅವು ಹತ್ತಿ ಬಂದು ನಮ್ಮ ತಲೆಯ ಮೇಲೆಯೇ ಭಾರ ಇಳಿಸಿ ಹಗುರಾಗುತ್ತವೆ. ಜೂನಿನಲ್ಲಿ ಪಾದ ಮುಚ್ಚುವ ಹುಲ್ಲು ಆಗಸ್ಟಿನಲ್ಲಿ ಲುಂಗಿಯ ಗಂಟಿಗೆ ಬರುತ್ತದೆ. ತೋಟದ್ದು ಒಂದು ಕಥೆಯಾದರೆ ಬೆಟ್ಟದ್ದು ಇನ್ನೊಂದು. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟಿದ್ದಾರೆ. ಸೊಪ್ಪು, ದರಕು ಎಂಬ ಒಣ ಎಲೆ, ಕರಡ ಎಂಬ ಹುಲ್ಲು ಎಲ್ಲ ಅಲ್ಲಿಂದಲೇ ಬರಬೇಕು. ಕೊಯ್ಯುವವರು ಎಲ್ಲಿಂದ ಬರಬೇಕು ಅಂತ ಬ್ರಿಟಿಷರು ಬರೆದಿಟ್ಟು ಹೋಗಲಿಲ್ಲ.

ಹಾಗಾಗಿ ಮೃಗಶಿರೆ ಮಳೆ ಹಿಡಿಯುವ ಹೊತ್ತಿಗೆ ಮಷಿನ್ನು ಬಂತು. ನಾಲ್ಕು ಸ್ಟ್ರೋಕಿನದ್ದು. ಪೆಟ್ರೋಲಿಗೆ ಆಯಿಲು ಬೆರೆಸುವ ರಗಳೆಯಿಲ್ಲ, ಆಯಿಲು ಬೇರೆ, ಪೆಟ್ರೋಲು ಬೇರೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ವಾರಂಟಿಗೆ ಏನಾದರೂ ಆಗಬಹುದು ಎಂಬ ಭಯ ಇನ್ನೂ ಹೋಗಿಲ್ಲ.

ಭಯ ಹುಟ್ಟಿಸಿದ್ದು ವಾರಂಟಿ ಕಾರ್ಡು. ಅಂಗೈಯಗಲದ ಕಾರ್ಡಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಮೊದಲ ಹತ್ತು ತಾಸು ಓಡಿದ ಮೇಲೆ ಆಯಿಲು ಬದಲಿಸತಕ್ಕದ್ದು. ಕಂಪನಿಯ ಅಸಲಿ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮಾತ್ರ ಬಳಸತಕ್ಕದ್ದು. ತಪ್ಪಿದಲ್ಲಿ ವಾರಂಟಿ ರದ್ದಾಗತಕ್ಕದ್ದು. ಇಷ್ಟೊಂದು ‘ತಕ್ಕದ್ದು’ ನಾನು ಹಿಂದೆ ಕಂಡದ್ದು ಸೊಸೈಟಿ ಸಾಲದ ಕಾಗದದಲ್ಲಿ ಮಾತ್ರ. ಮಷಿನ್ನಿನ ಜೊತೆ ಒಂದು ದಪ್ಪ ಪುಸ್ತಕವೂ ಬಂದಿತ್ತು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ. ಅದನ್ನು ನಾನು ಬಿಚ್ಚಲಿಲ್ಲ. ಸೀಲು ಒಡೆದರೆ ವಾರಂಟಿ ಹೋಗುತ್ತದೆ ಎಂದು ಎಲ್ಲೋ ಕೇಳಿದ್ದೆ.

ಇಂಥ ಹೊತ್ತಿನಲ್ಲಿ ಪ್ರತಿ ಹವ್ಯಕ ಮನೆಗೂ ಒಬ್ಬ ಅಮೆರಿಕದ ಅಳಿಯ ಇರುತ್ತಾನೆ. ನಮ್ಮ ಅಳಿಯ ಅಲ್ಲಿ ಹುಲ್ಲು ಕತ್ತರಿಸಲಿಕ್ಕೆ ಟ್ರ್ಯಾಕ್ಟರನ್ನೇ ಇಟ್ಟಿದ್ದಾನೆ. ಕುರ್ಚಿ ಇದೆ, ಸ್ಟೇರಿಂಗ್ ಇದೆ, ತಂಪು ಪಾನೀಯ ಇಡಲಿಕ್ಕೆ ಒಂದು ಗುಂಡಿಯೂ ಇದೆ. ಕೂತುಕೊಂಡು ಹುಲ್ಲು ಕೊಚ್ಚುವುದನ್ನು ವೀಡಿಯೊದಲ್ಲಿ ನೋಡಿದ ಆಯಿ, “ಪಾಪ, ಕಾಲಿಗೆ ಎಂತ ಆತಡ?” ಎಂದು ಕೇಳಿದಳು. ಆ ಅಳಿಯ ಫೋನಿನಲ್ಲಿ ನನಗೆ ಧೈರ್ಯ ತುಂಬಿದ. ಅವರಲ್ಲಿ 1975ರಲ್ಲೇ ಮ್ಯಾಗ್ನಸನ್-ಮಾಸ್ ಎಂಬ ವಾರಂಟಿ ಕಾಯ್ದೆ ಬಂದಿದೆಯಂತೆ. ನಮ್ಮದೇ ಬ್ರ್ಯಾಂಡಿನ ಫಿಲ್ಟರು ಹಾಕದಿದ್ದರೆ ವಾರಂಟಿ ಇಲ್ಲ ಎಂದು ಕಂಪನಿ ಹೇಳುವಂತಿಲ್ಲ. ಹೇಳುವುದಾದರೆ ಆ ಫಿಲ್ಟರನ್ನು ಪುಕ್ಕಟೆ ಕೊಡಬೇಕು, ಇಲ್ಲವೇ ಸರಕಾರದ ವಿಶೇಷ ಒಪ್ಪಿಗೆ ತರಬೇಕು. “ಮಾವ, ಹೊರಗಿಂದು ಧೈರ್ಯವಾಗಿ ಹಾಕು. ಫಿಲ್ಟರ್ ಮಾತ್ರ ಚಲೋದು ನೋಡು. ಒಳಗೆ ಬೈಪಾಸ್ ವಾಲ್ವ್ ಇದ್ದಾ ಕೇಳು. ಎಂಜಿನ್ ನಿಂತಾಗ ಆಯಿಲು ಕೆಳಗೆ ಇಳಿದು ಹೋಗದಂಗೆ ತಡೆಯೋ ರಬ್ಬರ್ ವಾಲ್ವ್ ಇದ್ದಾ ಕೇಳು” ಎಂದ. ತಾನು ಹಾಕಿದ ಹಳದಿ ಫಿಲ್ಟರಿನ ಫೋಟೊ ಕಳಿಸಿದ. ನಾನು ಅದನ್ನು ದೊಡ್ಡದು ಮಾಡಿ, ತಿರುಗಿಸಿ, ಮಲಗುವ ಮುನ್ನ ಇನ್ನೊಮ್ಮೆ ನೋಡಿದೆ.

ಅಮೆರಿಕದ ಕಾಯ್ದೆ ಅರಬೈಲ ಘಟ್ಟದ ಮೇಲೆ ನಡೆಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಹುಡುಕಿದರೆ ನಮ್ಮಲ್ಲೂ ಸಾಮಾನು ಉಂಟು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗಿನವರಿಗೆ ಸಿಗದಂತೆ ಹಿಡಿದಿಟ್ಟರು ಎಂಬುದಕ್ಕೆ. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಬೇಡಿ, ಹೊರಗಿನವನ ತಪ್ಪಿನಿಂದ ಕೆಟ್ಟದ್ದೆಷ್ಟೋ ಅಷ್ಟಕ್ಕೆ ಮಾತ್ರ ಇಲ್ಲವೆನ್ನಿ ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ನಾನು ಆ ಭಾಗ ಓದಲಿಲ್ಲ, ಉತ್ಸಾಹ ಇಳಿಯುತ್ತದೆ. 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆ ‘ರಿಪೇರಿ ಹಕ್ಕು’ ಎಂದು ಸಮಿತಿ ಮಾಡಿದಾಗ ಅದರ ಪಟ್ಟಿಯಲ್ಲಿ ಮೊಬೈಲು, ಕಾರುಗಳ ಜೊತೆಗೆ ಕೃಷಿ ಯಂತ್ರಗಳೂ ಇದ್ದವು. ಕೃಷಿ ಯಂತ್ರ! ನಮ್ಮ ಮಷಿನ್ನು! ನಾನು ಈ ಕಾಗದಗಳನ್ನೆಲ್ಲ ಯಲ್ಲಾಪುರದಲ್ಲಿ ಪ್ರಿಂಟು ತೆಗೆಸಿ ಫೈಲು ಮಾಡಿದೆ. ಪ್ರಿಂಟಿನ ದುಡ್ಡಿಗೆ ಕಂಪನಿಯ ಅಸಲಿ ಆಯಿಲೇ ಬರುತ್ತಿತ್ತು ಎಂದು ಮನೆಯವಳು ಲೆಕ್ಕ ಹಾಕಿದಳು. ತತ್ವದ ಪ್ರಶ್ನೆಗೆ ಲೆಕ್ಕ ಹಾಕುವ ಅಭ್ಯಾಸ ಅವಳ ತವರಿನದ್ದು.

ಆಮೇಲೆ ಆಯಿಲು. ಕಾರ್ಡಿನಲ್ಲಿ 10ಡಬ್ಲ್ಯು-30 ಎಂದಿತ್ತು. ಡಬ್ಲ್ಯು ಎಂದರೆ ಚಳಿಗಾಲ. ಎಂಜಿನ್ ತಣ್ಣಗಿದ್ದಾಗ ಆಯಿಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ ಮೊದಲ ಅಂಕಿ, ಕಾದ ಮೇಲೆ ಎಷ್ಟು ಮಂದ ಉಳಿಯುತ್ತದೆ ಎಂಬುದಕ್ಕೆ ಎರಡನೆಯದು. ಪೇಟೆಯ ಅಂಗಡಿಗಳಲ್ಲಿ ಬೈಕಿನ 20ಡಬ್ಲ್ಯು-40 ಬೇಕಾದಷ್ಟಿತ್ತು. ಒಬ್ಬ ಅಂಗಡಿಯವ, “ಇದನ್ನೇ ಹಾಕಿ, ಸ್ವಲ್ಪ ದಪ್ಪ, ಬಾಳಿಕೆ ಬರ್ತದೆ” ಎಂದ. ಇನ್ನೊಬ್ಬ, ಹಿಂದೆ ಅದಿರು ಲಾರಿಗಳು ಹೊಸಪೇಟೆಯಿಂದ ಬೇಲೆಕೇರಿ ಬಂದರಿಗೆ ಹಗಲು-ರಾತ್ರಿ ಓಡುತ್ತಿದ್ದ ಕಾಲದಲ್ಲಿ ಲಾರಿಗೆ ಹಾಕುತ್ತಿದ್ದ ಆಯಿಲಿನ ಹೆಸರು ಹೇಳಿ ಕಣ್ಣು ಒದ್ದೆ ಮಾಡಿಕೊಂಡ. ಆ ಲಾರಿಗಳು ನಮ್ಮ ರಸ್ತೆಯನ್ನು ಕೆಂಪು ಕೆಸರಿನ ಗದ್ದೆ ಮಾಡಿದ್ದವು. ಆದರೆ ಗ್ಯಾರೇಜಿನವರು ಆ ಕಾಲವನ್ನು ನೆನೆಯುವ ರೀತಿಯೇ ಬೇರೆ.

“ಯನ್ನ ಸ್ಕೂಟಿಗೆ ಹಾಕಿ ಉಳಿದ ಆಯಿಲು ಅಟ್ಟದ ಮೇಲೆ ಇದ್ದು. ಅದರ ಮೇಲೂ 10-30 ಹೇಳೇ ಬರದ್ದು” ಎಂದಳು ಮನೆಯವಳು.

ನಾನು ನಕ್ಕೆ. ಬೈಕಿನ ಆಯಿಲಿಗೆ ಎಂಎ, ಸ್ಕೂಟರಿನದಕ್ಕೆ ಎಂಬಿ ಎಂದು ಜಪಾನಿನವರು ಬೇರೆ ಬೇರೆ ಗುರುತು ಮಾಡಿದ್ದಾರೆ, ಬೈಕಿನ ಕ್ಲಚ್ಚು ಆಯಿಲಿನಲ್ಲೇ ಮುಳುಗಿರುತ್ತದೆ, ಎಂಬಿ ಆಯಿಲು ಹಾಕಿದರೆ ಕ್ಲಚ್ಚು ಜಾರುತ್ತದೆ ಎಂದು ವಿವರಿಸಿದೆ. “ನಮ್ಮ ಮಷಿನ್ನಿನ ಕ್ಲಚ್ಚು ಆಯಿಲಲ್ಲಿ ಇದ್ದಾ?” ಎಂದಳು. ಇಲ್ಲ. ಅದು ಒಣ ಕ್ಲಚ್ಚು, ಎಂಜಿನಿನ ಹೊರಗಿದೆ. ಅಂದರೆ ಸ್ಕೂಟಿಯ ಆಯಿಲು ನಡೆಯುತ್ತದೆ. ಆದರೆ ಅಷ್ಟಕ್ಕೇ ಒಪ್ಪಿಕೊಂಡರೆ ಓದಿದ್ದೆಲ್ಲ ಏನಾಗಬೇಕು? ಸ್ಕೂಟಿ ಸ್ಕೂಟಿಯೇ, ಮಷಿನ್ನು ಮಷಿನ್ನೇ ಎಂದು ಮಾತು ಮುಗಿಸಿದೆ.

ಅಪ್ಪಯ್ಯನ ಪದ್ಧತಿ ಬೇರೆ. ಕೊಳೆರೋಗಕ್ಕೆ ಔಷಧಿ ಮಾಡುವಾಗ ಅವರು ಪುಸ್ತಕ ನೋಡಿದವರಲ್ಲ. ನೂರು ಲೀಟರು ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದವಾಯಿತೋ ಇಲ್ಲವೋ ನೋಡಲಿಕ್ಕೆ ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದುವುದು. ಚಾಕುವಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಆಯಿಲಿನ ಚರ್ಚೆ ಊಟದ ಹೊತ್ತಿಗೂ ನಿಲ್ಲದಿದ್ದಾಗ ಅವರು ಎದ್ದುಹೋಗಿ ಚಾಕು ತಂದಿಟ್ಟರು. “ತಗಾ, ಅದ್ದಿ ನೋಡು.” ನಾನು ಸಿಟ್ಟಾದೆ. ಅವರು ಇನ್ನೂ ಸಮಾಧಾನದಲ್ಲಿ, “ಯನ್ನ ಕತ್ತಿಗೆ ವಾರಂಟಿ ಇತ್ತಿಲ್ಲೆ. ಹಾಂಗಾಗಿ ತೋಟ ಚೊಕ್ಕ ಇತ್ತು” ಎಂದರು. ಮಾತು ಬಿಟ್ಟದ್ದು ಅಂದಿನಿಂದ.

ಇಷ್ಟರಲ್ಲಿ ಒಂದು ಅಪಾಯ ಹತ್ತಿರ ಬಂದಿತ್ತು. ಹತ್ತು ತಾಸು. ಮೊದಮೊದಲ ಹುರುಪಿನಲ್ಲಿ ನಾನು ಮಷಿನ್ನನ್ನು ಸುಮಾರು ಓಡಿಸಿಬಿಟ್ಟಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ ಮಷಿನ್ನಿನ ತಾಸು ಬರೆಯುತ್ತಿದ್ದೆ. ಒಟ್ಟು ಹಾಕಿದರೆ ಒಂಬತ್ತು. ಇನ್ನೊಂದು ತಾಸು ಓಡಿದರೆ ಆಯಿಲು ಬದಲಿಸಲೇಬೇಕು, ಯಾವ ಆಯಿಲು ಎಂದು ತೀರ್ಮಾನವಾಗಿಲ್ಲ. ಹಾಗಾಗಿ ಮಷಿನ್ನನ್ನು ನಿಲ್ಲಿಸಿದೆ. ಒರೆಸಿ, ಹಳೇ ಪಂಚೆ ಹೊದೆಸಿ, ಇಲಿ ಬಾರದಂತೆ ಎತ್ತರದಲ್ಲಿ ನೇತುಹಾಕಿದೆ.

ಹುಲ್ಲಿಗೆ ಈ ಕರಾರು ತಿಳಿಸಿದವರಿಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಔಷಧಿ ಹೊಡೆಯಲು ಬಂದವ ತೋಟದ ಬಾಯಲ್ಲೇ ನಿಂತ. “ಭಟ್ರೆ, ಮರ ಎಲ್ಲಿ ಅದೆ ಅಂತ ಮೇಲೆ ನೋಡ್ಕಂಡು ಹೋಗ್ಬೋದು. ಕಾಲಡಿಗೆ ಎಂಥ ಅದೆ ಅಂತ ಹೆಂಗೆ ನೋಡೂದು?” ಎಂದ. ನ್ಯಾಯವಾದ ಮಾತು, ಹುಲ್ಲಿನಲ್ಲಿ ಏನಿರುತ್ತದೆ ಎಂದು ನಮಗೆಲ್ಲ ಗೊತ್ತು. ಕೊನೆಗೆ ಸ್ವಂತ ಮಷಿನ್ನು ಇಟ್ಟುಕೊಂಡು ದಿನದ ಲೆಕ್ಕದಲ್ಲಿ ಕೊಚ್ಚುವವನೊಬ್ಬನನ್ನು ಕರೆಸಿದೆ. ಅವನನ್ನು ನಾನು ಮನಸ್ಸಿನಲ್ಲೇ ಕಳೆಗೌಡ ಎಂದು ಕರೆಯುತ್ತೇನೆ.

ಕಳೆಗೌಡನದು ಎರಡು ಸ್ಟ್ರೋಕಿನ ಮಷಿನ್ನು. ವಯಸ್ಸು ಅವನಿಗೂ ಗೊತ್ತಿಲ್ಲ. ಪೆಟ್ರೋಲಿನ ಬಾಟಲಿಗೆ ಆಯಿಲನ್ನು ಮುಚ್ಚಳದಿಂದ ಅಳೆದು ಹಾಕುತ್ತಾನೆ. ಮುಚ್ಚಳ ಕಳೆದ ಮೇಲೆ ಅಂದಾಜು. “ಐವತ್ತಕ್ಕೆ ಒಂದಾ, ಇಪ್ಪತ್ತೈದಕ್ಕೆ ಒಂದಾ?” ಎಂದೆ. “ಹೊಗೆ ಬಂದ್ರೆ ಹೆಚ್ಚಾತು, ಬರ್ದಿದ್ರೆ ಕಮ್ಮಿ ಆತು” ಎಂದ. ಏರ್ ಫಿಲ್ಟರು ನೋಡಬೇಕೆಂದೆ. ಅವನು ಡಬ್ಬಿ ತೆಗೆದು ತೋರಿಸಿದ. ಪಾತ್ರೆ ತಿಕ್ಕುವ ಸ್ಪಂಜು, ಅಳತೆಗೆ ಕತ್ತರಿಸಿದ್ದು, ಹಸಿರು ಬದಿ ಹೊರಗೆ. ನಾನು ಮ್ಯಾಗ್ನಸನ್-ಮಾಸ್ ಬಗ್ಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಮಷಿನ್ನು ಶುರುವಾಗಿತ್ತು. ಸಂಜೆಯೊಳಗೆ ಅರ್ಧ ತೋಟ ಬೋಳಿಸಿದ. ಕೂಲಿ ಕೊಡುವಾಗ ನೇತಾಡುತ್ತಿದ್ದ ಪಂಚೆಯ ಗಂಟನ್ನು ನೋಡಿ, “ಒಳಗೆ ಎಂಥದು?” ಎಂದ. ತೋರಿಸಿದೆ. ಬ್ಲೇಡು ಮುಟ್ಟಿ ನೋಡಿ, “ಚಲೋ ಮಷಿನ್ ಅದೆ. ಇಟ್ಕಳಿ” ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಬೇಜಾರು.

ಆ ವಾರ ಶಿರಸಿಯಿಂದ ಫೋನು ಮಾಡಿದ ಭಾವ ತೋಟ ಹೇಗಿದೆ ಎಂದು ಕೇಳಿದಾಗ ಅಪ್ಪಯ್ಯ ಹೇಳಿದ್ದು ನನಗೆ ಪಕ್ಕದ ಕೋಣೆಯಲ್ಲಿ ಕೇಳಿಸಿತು: “ವಾರಂಟಿಯೂ ಇದ್ದು, ಹುಲ್ಲೂ ಇದ್ದು.”

ಸರಿ, ಹುಬ್ಬಳ್ಳಿಗೇ ಹೋಗಿ ಕಂಪನಿಯವರನ್ನು ಎದುರಿಸುವುದು ಎಂದು ಉತ್ತರೆ ಮಳೆಯಲ್ಲಿ ಹೊರಟೆ. ಬರಿಗೈಯಲ್ಲಿ ಹೋದರೆ ವಾದ ನಿಲ್ಲುವುದಿಲ್ಲವೆಂದು ಹೆದ್ದಾರಿ ಬದಿಯ ಅಂಗಡಿಯಲ್ಲಿ ಒಂದು ಹೊರಗಿನ ಕಂಪನಿಯ ಆಯಿಲ್ ಫಿಲ್ಟರನ್ನೂ ಕೊಂಡೆ. ಟ್ರ್ಯಾಕ್ಟರಿಗೆ ಹಾಕುವುದು. ಬೈಪಾಸ್ ವಾಲ್ವ್ ಇತ್ತು, ರಬ್ಬರ್ ವಾಲ್ವ್ ಇತ್ತು, ಮಡಿಕೆಗಳು ಒತ್ತಾಗಿದ್ದವು. ಫಿಲ್ಟರೇ ಎಂಜಿನಿಗಿಂತ ದೊಡ್ಡದಿದೆಯಲ್ಲ ಎಂಬ ಸಂಶಯ ಒಮ್ಮೆ ಸುಳಿದುಹೋಯಿತು. ದೊಡ್ಡದಾದರೆ ಹೆಚ್ಚು ಸೋಸುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮನೆಯವಳೂ ಬಂದಳು, ಹುಬ್ಬಳ್ಳಿಯಲ್ಲಿ ಸೀರೆ ನೋಡಲಿಕ್ಕೆ. ಬಸ್ಸಿನಲ್ಲಿ ಶಕ್ತಿ ಯೋಜನೆಯ ಪ್ರಕಾರ ಅವಳದು ಪುಕ್ಕಟೆ ಪ್ರಯಾಣ, ನನ್ನದು ಪೂರ್ತಿ ಟಿಕೆಟ್ಟು, ಮಷಿನ್ನಿಗೆ ಲಗೇಜು. ಪೆಟ್ರೋಲು ಖಾಲಿ ಮಾಡಿದ್ದೇನೆಂದು ಕಂಡಕ್ಟರಿಗೆ ಮುಚ್ಚಳ ತೆಗೆದು ಮೂಸಲು ಕೊಟ್ಟೆ. ಕಳೆ ಮಷಿನ್ನಿನ ಕೋಲು ಆಳುದ್ದ. ಬಸ್ಸು ತಿರುಗಿದ ಕಡೆ ತಾನೂ ತಿರುಗುತ್ತದೆ. ಕಿರವತ್ತಿ ದಾಟುವಾಗ ಮುಂದಿನ ಸೀಟಿನ ಹಿರಿಯರ ಗಾಂಧಿ ಟೋಪಿ ಬಿತ್ತು. ಎತ್ತಿಕೊಟ್ಟೆ. ಕಲಘಟಗಿಯಲ್ಲಿ ಮತ್ತೆ ಬಿತ್ತು. ಆಮೇಲೆ ಅವರು ಟೋಪಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಯವರೆಗೆ ನನ್ನನ್ನೇ ನೋಡಿದರು.

ಸರ್ವಿಸ್ ಕೌಂಟರಿನಲ್ಲಿ ಮೀಸೆ ಈಗಷ್ಟೇ ಬರುತ್ತಿದ್ದ ಹುಡುಗ. ನಾನು ಮಷಿನ್ನು ಇಳಿಸಿ, ಫೈಲು ಬಿಚ್ಚಿ, ನಿಂತುಕೊಂಡೇ ಶುರುಮಾಡಿದೆ. 1975 ಹೇಳಿದೆ. 2014 ಹೇಳಿದೆ. ಹದಿನಾಲ್ಕು ಕಂಪನಿ, ಎರಡೂವರೆ ಸಾವಿರ ಕೋಟಿ ಹೇಳುವಾಗ ದನಿ ಏರಿಸಿದೆ. 2022ರ ಸಮಿತಿ, ಕೃಷಿ ಯಂತ್ರ, ರಿಪೇರಿ ಹಕ್ಕು. ಸಾಲಿನಲ್ಲಿದ್ದ ನವಲಗುಂದದ ಕಡೆಯ ರೈತರೊಬ್ಬರು ತಲೆದೂಗಿದರು. ಕೊನೆಗೆ ಚೀಲದಿಂದ ಹೊರಗಿನ ಕಂಪನಿಯ ಫಿಲ್ಟರು ತೆಗೆದು ಠಕ್ಕೆಂದು ಮೇಜಿನ ಮೇಲಿಟ್ಟೆ. “ಇದನ್ನ ಹಾಕಿದ್ರೆ ವಾರಂಟಿ ಇಲ್ಲ ಅಂತ ಹೇಗೆ ಹೇಳ್ತೀರಿ? ಬರೆದು ಕೊಡಿ!”

ಹುಡುಗ ಫಿಲ್ಟರು ನೋಡಿದ. ಮಷಿನ್ನು ನೋಡಿದ. ನನ್ನನ್ನು ನೋಡಿದ.

“ಸರ್ರ, ಇದಕ್ಕ ಆಯಿಲ್ ಫಿಲ್ಟರೇ ಇರಂಗಿಲ್ರಿ.”

ಸಾಲಿನಲ್ಲಿದ್ದ ರೈತರು ತಲೆದೂಗುವುದನ್ನು ನಿಲ್ಲಿಸಿದರು.

“ಕಾರ್ಡಿನಲ್ಲಿದೆ” ಎಂದೆ. “ಅದು ಎಲ್ಲಾ ಮಷಿನ್ನಿಗೂ ಒಂದs ಕಾರ್ಡ್ ರೀ. ಪಂಪ್‌ಸೆಟ್ಟು, ಜನರೇಟರು, ಟಿಲ್ಲರು, ಎಲ್ಲಾಕ್ಕೂ ಅದs” ಎಂದು ಹೇಳಿ, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ನಾನು ಬೇಡ ಎನ್ನುವುದರೊಳಗೆ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದ. ಪುಟ ತೋರಿಸಿದ. 10ಡಬ್ಲ್ಯು-30, ಇಷ್ಟು ದರ್ಜೆಯದು ಅಥವಾ ಅದಕ್ಕಿಂತ ಮೇಲಿನದು. ಯಾವ ಕಂಪನಿಯದೆಂಬ ಮಾತೇ ಇಲ್ಲ. ಆಯಿಲು ಬದಲಿಸಲಿಕ್ಕೆ ಸ್ಕ್ರೂ ಕೂಡ ಇಲ್ಲ. ಮುಚ್ಚಳ ತೆಗೆದು ಮಷಿನ್ನನ್ನು ಓರೆ ಮಾಡಿದರೆ ಹಳೆಯದು ಹೊರಗೆ, ನೆಟ್ಟಗೆ ಹಿಡಿದು ತುಂಬಿದರೆ ಹೊಸದು ಒಳಗೆ. ಹತ್ತು ತಾಸು ಎನ್ನುವುದರ ಪಕ್ಕದಲ್ಲಿ ‘ಅಥವಾ ಒಂದು ತಿಂಗಳು, ಯಾವುದು ಮೊದಲೋ ಅದು’ ಎಂದಿತ್ತು. ಬ್ಲೇಡನ್ನು ತಿರುಗಿಸಿ ನೋಡಿದ ಹುಡುಗ, “ಓಡಿಸೇ ಇಲ್ಲಲ್ರಿ?” ಎಂದ. “ಕಾಪಾಡಿದ್ದೇನೆ” ಎಂದೆ.

ಆಮೇಲೆ ಕೇಳಿದ ಪ್ರಶ್ನೆ ನನ್ನ ಫೈಲಿನಲ್ಲಿರಲಿಲ್ಲ. “ಮನೀಗೇನ್ರಿ, ತ್ವಾಟಕ್ಕೇನ್ರಿ?” ಮನೆಬಳಕೆಯಾದರೆ ವಾರಂಟಿ ಒಂದು ವರ್ಷ, ವಾಣಿಜ್ಯ ಬಳಕೆಯಾದರೆ ಮೂರು ತಿಂಗಳು. ಮೃಗಶಿರೆಯಿಂದ ಉತ್ತರೆಗೆ ಮೂರು ತಿಂಗಳು ಕಳೆದು ಮೇಲೆ ನಾಲ್ಕು ದಿನ ಆಗಿತ್ತು. ಅಡಿಕೆ ತೋಟ ವಾಣಿಜ್ಯವೇ? ಕೊಳೆ ಬಂದ ವರ್ಷ ಅದು ವಾಣಿಜ್ಯವಲ್ಲ, ಧರ್ಮಕಾರ್ಯ ಎಂದು ವಾದಿಸಿದೆ. ಮೈಲುತುತ್ತದ ಖರ್ಚು, ಕೊನೆಗೌಡನ ಕೂಲಿ, ಉದುರಿದ ಕಾಯಿ ಎಲ್ಲ ಹೇಳಿದೆ. ಇದಕ್ಕೆ ಪ್ರಿಂಟು ಬೇಕಾಗಲಿಲ್ಲ. ನವಲಗುಂದದವರು ಈರುಳ್ಳಿಯ ಕಥೆ ಸೇರಿಸಿದರು. ಹುಡುಗ ಸ್ವಲ್ಪ ಹೊತ್ತು ಪೆನ್ನು ಕಚ್ಚಿ, “ಮನೀಗೆ ಅಂತ ಬರೀತೀನಿ ಬಿಡ್ರಿ” ಎಂದು ಮುದ್ರೆ ಒತ್ತಿದ. ನಾನು ಒಂದು ಲೀಟರು ಅಸಲಿ ಆಯಿಲು ಕೊಂಡೆ. ಅದೂ ಒಂದು ತತ್ವ.

ಫಿಲ್ಟರೆಂದು ಈ ಮಷಿನ್ನಿನಲ್ಲಿ ನಮ್ಮ ಕೈಗೆ ಸಿಗುವುದು ಗಾಳಿಯ ಫಿಲ್ಟರು ಮಾತ್ರ. ಅದೂ ಸ್ಪಂಜೇ, ಕಳೆಗೌಡನಿಗೆ ಇದು ತಿಳಿಯುವುದು ಬೇಡ. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಕಬೇಕು ಎಂದು ಪುಸ್ತಕದಲ್ಲಿದೆ. ಮನೆಗೆ ಬಂದು ತೊಳೆದೆ. ಮಳೆಯಲ್ಲಿ ಒಣಗದ್ದಕ್ಕೆ ಒಲೆಯ ಮೇಲಿನ ಅಡಿಕೆ ಅಟ್ಟದಲ್ಲಿಟ್ಟು ಒಣಗಿಸಿದೆ. ಅದ್ದಿದೆ. ಹಿಂಡುವ ಹೊತ್ತಿಗೆ ಕೈ ಬರಲಿಲ್ಲ. ಅಸಲಿ ಆಯಿಲು, ಅದಕ್ಕೆ ಕೊಟ್ಟ ದುಡ್ಡು ನೆನಪಾಗುತ್ತಿತ್ತು. ತೊಟ್ಟಿಕ್ಕುವ ಸ್ಪಂಜನ್ನೇ ಕೂರಿಸಿ, ತೋಟಕ್ಕೆ ಹೋಗಿ ಹಗ್ಗ ಎಳೆದೆ.

ಒಂದು ಕ್ಷಣ ಸುಮ್ಮನಿದ್ದು ಮಷಿನ್ನು ಕೆಮ್ಮಿತು. ಆಮೇಲೆ ಬಂದ ಹೊಗೆಯ ಬಣ್ಣ ನೀಲಿಯೂ ಅಲ್ಲ, ಬಿಳಿಯೂ ಅಲ್ಲ. ಮೊದಲು ಮಷಿನ್ನು ಕಾಣದಾಯಿತು, ನಂತರ ನಾನು, ನಂತರ ಕಾಲುವೆಯಾಚೆಯ ಸಾಲು ಮರಗಳು. ಬೇಸಿಗೆಯಾಗಿದ್ದರೆ ಕಾಡಿಗೆ ಬೆಂಕಿ ಬಿತ್ತೆಂದು ಅರಣ್ಯ ಇಲಾಖೆಯವರು ಓಡಿ ಬರುತ್ತಿದ್ದರು. ಮಳೆಗಾಲವಾದ್ದರಿಂದ ಬಂದವರು ಅಪ್ಪಯ್ಯ ಒಬ್ಬರೇ. ಹೊಗೆಯೊಳಗಿಂದ ಅವರ ದನಿ ಬಂತು: “ಎಷ್ಟು ದಿನಾತೋ, ಸೊಳ್ಳೆ ಇಷ್ಟು ಕಮ್ಮಿ ಆಗಿ!” ಹೀಗೆ ಮಾತು ಮತ್ತೆ ಶುರುವಾಯಿತು. ಆಯಿಲು ಉರಿದುಹೋದ ಮೇಲೆ ಮಷಿನ್ನು ಚೆನ್ನಾಗಿಯೇ ಓಡಿತು, ಈಗಲೂ ಓಡುತ್ತದೆ.

ಅಸಲಿ ಆಯಿಲು ಇನ್ನೂ ಒಂಬತ್ತುನೂರು ಮಿಲಿ ಹತ್ತಿರ ಇದೆ. ಐವತ್ತು ತಾಸಿಗೊಮ್ಮೆ ನೂರು ಮಿಲಿ, ನಾನು ಓಡಿಸುವುದು ವರ್ಷಕ್ಕೆ ಒಂಬತ್ತು ತಾಸು. ಅಂದರೆ ಐವತ್ತು ವರ್ಷಕ್ಕೆ ಚಿಂತೆಯಿಲ್ಲ. ಮೊಮ್ಮಗನ ಹೆಸರಿಗೆ ಬರೆದಿಡಬಹುದು. ಮನೆಯವಳ ಸ್ಕೂಟಿಯ ಅರ್ಧ ಬಾಟಲಿಯೂ ಅಟ್ಟದ ಮೇಲಿದೆ. ಟ್ರ್ಯಾಕ್ಟರಿನ ಫಿಲ್ಟರನ್ನು ಅಂಗಡಿಯವ ಹಿಂದೆ ತೆಗೆದುಕೊಳ್ಳಲಿಲ್ಲ, ಆಯಿ ಅದನ್ನು ಹಾಲಿನ ಪಾತ್ರೆಗೆ ಬೆಕ್ಕು ಬಾರದಂತೆ ಮುಚ್ಚಳದ ಮೇಲೆ ಭಾರಕ್ಕಿಟ್ಟಿದ್ದಾಳೆ.

ಮೊನ್ನೆ ಹುಬ್ಬಳ್ಳಿಯಿಂದ ಫೋನು ಬಂತು. ಸ್ವಲ್ಪ ದುಡ್ಡು ಕಟ್ಟಿದರೆ ವಾರಂಟಿಯನ್ನು ಇನ್ನೆರಡು ವರ್ಷ ಮುಂದುವರಿಸುತ್ತಾರಂತೆ. ಕಳಿಸಿದ ಅರ್ಜಿಯನ್ನು ಈ ಸಲ ಪೂರ್ತಿ ಓದಿದೆ, ಕನ್ನಡಕ ಹಾಕಿ, ಬೆಳಕಿಗೆ ಹಿಡಿದು. ನಾಲ್ಕನೆಯ ಕಲಮು: ಆಯಿಲ್ ಫಿಲ್ಟರನ್ನು ಪ್ರತಿ ಸರ್ವಿಸಿನಲ್ಲೂ ಕಂಪನಿಯ ಅಸಲಿ ಫಿಲ್ಟರಿನಿಂದಲೇ ಬದಲಿಸತಕ್ಕದ್ದು. ಸಹಿ ಮಾಡಿ ಕಳಿಸಿದ್ದೇನೆ.